ಸಣ್ಣ ಕಾಲೇಜಿನ ಲೈಬ್ರರಿಯನ್‌ಗೆ ಸಂಘ ಯಾಕೆ ಬೇಕಾಯ್ತು? ಅಮೆರಿಕದ ಕಮ್ಯುನಿಟಿ ಕಾಲೇಜುಗಳ ಕಥೆ

ಬೇ ಏರಿಯಾ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಲ್ಲಿ ಲೈಬ್ರರಿ ಸೈನ್ಸ್ ಓದಿದವಳು. ಮದುವೆಯಾಗಿ ಕ್ಯಾಲಿಫೋರ್ನಿಯಾಗೆ ಬಂದ ಮೇಲೆ ಇಲ್ಲಿ ಮತ್ತೆ ಮಾಸ್ಟರ್ಸ್ ಮಾಡಿದೆ. ಈಗ ಎರಡು ಕಮ್ಯುನಿಟಿ ಕಾಲೇಜುಗಳಲ್ಲಿ ಪಾರ್ಟ್‌ಟೈಮ್ ಲೈಬ್ರರಿಯನ್. ಡಿಗ್ರಿಯ ಮೊದಲ ಎರಡು ವರ್ಷದ ಪಾಠ ಊರಲ್ಲೇ ಸಿಗುವ ಕಾಲೇಜುಗಳು ಇವು; ಹಿಂದೆ ಜೂನಿಯರ್ ಕಾಲೇಜು ಅಂತಿದ್ದರು. ಬೆಳಿಗ್ಗೆ ಒಂದು ಊರು, ಸಂಜೆ ಇನ್ನೊಂದು ಊರು. ನಮ್ಮಂಥವರಿಗೆ ಇಲ್ಲಿ ‘ಫ್ರೀವೇ ಫ್ಲೈಯರ್’ ಅಂತಾರೆ. ಹೆದ್ದಾರಿಯಲ್ಲೇ ಬದುಕುವವರು ಅಂತ.

ನಮ್ಮ ಕೆಲಸಕ್ಕೆ ಸೇರಿದ ಒಂದು ಸಂಘ ಇದೆ. ಹೆಸರು ಉದ್ದ: ಕಮ್ಯುನಿಟಿ ಅಂಡ್ ಜೂನಿಯರ್ ಕಾಲೇಜ್ ಲೈಬ್ರರೀಸ್ ಸೆಕ್ಷನ್. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಅನ್ನೋ ದೊಡ್ಡ ಮರದ ಒಂದು ಕೊಂಬೆಯ ಮೇಲಿನ ರೆಂಬೆ ಇದು. ಒಂದು ತಿಂಗಳಿಂದ ಇದರ ಹಿಂದಿನ ಕಥೆ ಓದುತ್ತಾ ಇದ್ದೇನೆ. ಓದುತ್ತಾ ಓದುತ್ತಾ ನಮ್ಮೂರಿನ ಡಿಗ್ರಿ ಕಾಲೇಜು, ಪಿಯು ಕಾಲೇಜು ಲೈಬ್ರರಿಯನ್ನರು ಮತ್ತೆ ಮತ್ತೆ ನೆನಪಾದರು. ಅದಕ್ಕೇ ಇಲ್ಲಿ ಬರೀತಾ ಇದ್ದೇನೆ.

ಮೊದಲು ಕಾಲೇಜುಗಳ ಕಥೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಲ್ಲಿ ಒಂದು ಹೈಸ್ಕೂಲ್ ಇತ್ತು. ಅದರ ಸೂಪರಿಂಟೆಂಡೆಂಟ್ ಜೆ. ಸ್ಟ್ಯಾನ್ಲಿ ಬ್ರೌನ್. ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅವರ ಸ್ನೇಹಿತ. ಮನೆ ಬಿಟ್ಟು ದೂರ ಹೋಗಲಾಗದ ಮಕ್ಕಳಿಗೆ ಕಾಲೇಜಿನ ಮೊದಲ ಎರಡು ವರ್ಷದ ಪಾಠ ಊರಲ್ಲೇ ಸಿಗಲಿ ಅಂತ ಇಬ್ಬರೂ ಸೇರಿ ಯೋಚನೆ ಮಾಡಿದರು. ಶುರುವಾದಾಗ ಇದ್ದದ್ದು 6 ಜನ ವಿದ್ಯಾರ್ಥಿಗಳು. ಸರ್ಕಾರದ ದುಡ್ಡಲ್ಲಿ ನಡೆಯುವ ಜೂನಿಯರ್ ಕಾಲೇಜುಗಳಲ್ಲಿ ಇವತ್ತಿಗೂ ಉಳಿದಿರುವ ಅತಿ ಹಳೆಯದು ಅದೇ.

ಆ 6 ಮಕ್ಕಳು ಯಾವ ಪುಸ್ತಕ ಓದಿದರು? ಹೈಸ್ಕೂಲಿನ ಕಪಾಟಲ್ಲಿ ಇದ್ದದ್ದೇ ಇರಬೇಕು. ಈ ಕಾಲೇಜುಗಳು ಹುಟ್ಟಿದ್ದೇ ಹೈಸ್ಕೂಲಿನ ಮಹಡಿಯಲ್ಲಿ, ಖಾಲಿ ರೂಮಿನಲ್ಲಿ. ಹಾಗಾಗಿ ಲೈಬ್ರರಿಯನ್ ಅಂದರೆ ಬಹಳ ಕಡೆ ಒಬ್ಬರೇ. ಪಾಠವೂ ಅವರದ್ದೇ, ಪುಸ್ತಕವೂ ಅವರದ್ದೇ, ಬೀಗದ ಕೈಯೂ ಅವರದ್ದೇ. ನನ್ನ ಕಥೆ ಈ ಒಂಟಿ ಮನುಷ್ಯರದ್ದು.

ಯಾರಿಗಾದರೂ ಆಸಕ್ತಿ ಇದ್ದರೆ ಮುಂದುವರಿಸುತ್ತೇನೆ.

ಹಾಸನದ ಗ್ರಂಥಪಾಲಕ

ಮೇಡಂ, ದಯವಿಟ್ಟು ಮುಂದುವರಿಸಿ. ‘ಒಬ್ಬರೇ’ ಅನ್ನೋ ಮಾತು ಓದಿ ಕಣ್ಣು ಅಲ್ಲೇ ನಿಂತಿತು. ನಾನೂ ಒಬ್ಬನೇ. ಇಶ್ಯೂ ಕೌಂಟರ್, ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಕ್ಕೆ ನಂಬರ್ ಹಾಕಿ ಬರೆಯೋದು), ನೋ ಡ್ಯೂ ಸರ್ಟಿಫಿಕೇಟ್, ಸ್ಟಾಕ್ ವೆರಿಫಿಕೇಷನ್ ಎಲ್ಲಾ ನಾನೇ. ಅದರ ಮೇಲೆ ಪರೀಕ್ಷಾ ಕೆಲಸ, ಸ್ಕಾಲರ್‌ಶಿಪ್ ಅರ್ಜಿ, ಚುನಾವಣೆ ಡ್ಯೂಟಿ. ಒಂದು ದಿನ ರಜೆ ಹಾಕಿದರೆ ಲೈಬ್ರರಿಗೆ ಬೀಗ.

ಫ್ರೀಮಾಂಟ್ ಅಪ್ಪ

ನನ್ನ ಮಗ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷ ಓದಿ ಆಮೇಲೆ ಯುನಿವರ್ಸಿಟಿಗೆ ಟ್ರಾನ್ಸ್‌ಫರ್ ಆದ. ಇಲ್ಲಿನವರಿಗೆ ಯೂನಿಟ್‌ಗೆ (ಒಂದು ಕ್ರೆಡಿಟ್‌ಗೆ) 46 ಡಾಲರ್ ಫೀಸು. ನಮ್ಮ ಕನ್ನಡ ಕೂಟದಲ್ಲಿ ಕೆಲವರು ‘ಅಯ್ಯೋ, ಕಮ್ಯುನಿಟಿ ಕಾಲೇಜಾ’ ಅಂತ ಕೇಳಿದಾಗ ಮನಸ್ಸಿಗೆ ಬೇಜಾರಾಗ್ತಿತ್ತು. ಅವನು ನಿಜವಾಗಿ ಓದೋಕೆ ಕಲಿತದ್ದು ಆ ಕಾಲೇಜಿನ ಲೈಬ್ರರಿಯಲ್ಲಿ. ಅಲ್ಲಿನ ಲೈಬ್ರರಿಯನ್ ಅವನ ಪಕ್ಕ ಕೂತು ಒಂದು ಲೇಖನ ಹೇಗೆ ಹುಡುಕಬೇಕು ಅಂತ ತೋರಿಸಿದರಂತೆ. ಬರೀರಿ, ಓದ್ತೀನಿ.

ಬೇ ಏರಿಯಾ ಓದುಗಿ

ಖುಷಿಯಾಯ್ತು. ಸರಿ, ಸಂಘದ ಕಥೆಗೆ ಬರೋಣ.

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿದ್ದು 1876ರ ಅಕ್ಟೋಬರ್‌ನಲ್ಲಿ, ಫಿಲಡೆಲ್ಫಿಯಾದಲ್ಲಿ. ಆಗ ಹೆಚ್ಚಿನ ಮಾತೆಲ್ಲ ಸಾರ್ವಜನಿಕ ಗ್ರಂಥಾಲಯಗಳದ್ದೇ. 1889ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ 13 ಜನ ಕಾಲೇಜು ಲೈಬ್ರರಿಯನ್ನರು ಬೇರೆ ಕೂತು, ನಮ್ಮ ಕಷ್ಟ ಬೇರೆ, ನಮಗೊಂದು ವಿಭಾಗ ಬೇಕು ಅಂದರು. ಬೆಳೆಯುತ್ತಾ ಬೆಳೆಯುತ್ತಾ 1938ರಲ್ಲಿ ಅದು ಕಾಲೇಜು ಮತ್ತು ರೆಫರೆನ್ಸ್ ಲೈಬ್ರರಿಗಳ ಸಂಘ ಆಯಿತು. 1957ರಲ್ಲಿ ‘ರೆಫರೆನ್ಸ್’ ಹೋಗಿ ‘ರಿಸರ್ಚ್’ ಬಂತು. ಈಗ ಎಲ್ಲರೂ ಎಸಿಆರ್‌ಎಲ್ ಅಂತಾರೆ.

ಈ ಎಸಿಆರ್‌ಎಲ್ ಒಳಗೆ ಶುರುವಿನಿಂದಲೇ ಜೂನಿಯರ್ ಕಾಲೇಜು ಲೈಬ್ರರಿಗಳಿಗೆ ಒಂದು ವಿಭಾಗ ಇತ್ತು. ನಾನು ಮೊದಲು ಹೇಳಿದ ರೆಂಬೆ ಅದೇ. ಅಂದರೆ 13 ಜನ ದೊಡ್ಡವರಿಂದ ಬೇರೆಯಾದ ಹಾಗೆ, ಇವರು ಆ 13 ಜನರ ಮಕ್ಕಳು ಮೊಮ್ಮಕ್ಕಳಿಂದ ಬೇರೆಯಾದರು. ಹಾರ್ವರ್ಡ್ ಲೈಬ್ರರಿಯನ್‌ಗೂ, ಹೈಸ್ಕೂಲ್ ಮಹಡಿಯಲ್ಲಿ ಒಂದು ರೂಮು ಇಟ್ಟುಕೊಂಡವರಿಗೂ ಒಂದೇ ಮೇಜಲ್ಲಿ ಏನು ಮಾತು ಇರುತ್ತೆ ಹೇಳಿ.

ಆ ಕಾಲದ ಒಂದು ಸಂಗತಿ ನನಗೆ ಬಹಳ ಇಷ್ಟ. 1930ರ ದಶಕದಲ್ಲಿ ಕಾರ್ನೆಗೀ ಕಾರ್ಪೊರೇಷನ್ ಅನ್ನೋ ದಾನ ಸಂಸ್ಥೆ ಜೂನಿಯರ್ ಕಾಲೇಜುಗಳಿಗೆ ಪುಸ್ತಕ ಕೊಳ್ಳೋಕೆ ದುಡ್ಡು ಕೊಡಲು ಮುಂದೆ ಬಂತು. ದುಡ್ಡೇನೋ ಬರುತ್ತೆ, ಆದರೆ ಯಾವ ಪುಸ್ತಕ ಕೊಳ್ಳಬೇಕು? ಒಂಟಿ ಲೈಬ್ರರಿಯನ್‌ಗೆ ಹತ್ತು ವಿಷಯದ ಪುಸ್ತಕ ಆರಿಸಲು ಪುರುಸೊತ್ತು ಎಲ್ಲಿ? ಹಾಗಾಗಿ ಫಾಸ್ಟರ್ ಮೊಹರ್‌ಹಾರ್ಟ್ ಅನ್ನುವವರು ಜೂನಿಯರ್ ಕಾಲೇಜಿಗೆ ಬೇಕಾದ ಪುಸ್ತಕಗಳ ಒಂದು ಪಟ್ಟಿ ಮಾಡಿದರು. 1937ರಲ್ಲಿ ಅದು ಅಚ್ಚಾಯಿತು. ಈ ಮೊಹರ್‌ಹಾರ್ಟ್ ಮುಂದೆ ರಾಷ್ಟ್ರೀಯ ಕೃಷಿ ಗ್ರಂಥಾಲಯದ ನಿರ್ದೇಶಕರಾದರು, 1967ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ ಅಧ್ಯಕ್ಷರೂ ಆದರು. ಸಣ್ಣ ಕಾಲೇಜುಗಳ ಪಟ್ಟಿ ಮಾಡಿದ ಕೈ ಅಷ್ಟು ಎತ್ತರಕ್ಕೆ ಹೋಯಿತು.

ಆಮೇಲೆ ಯುದ್ಧ ಮುಗಿಯಿತು. 1944ರ ಕಾನೂನಿನಿಂದ ಸೈನಿಕರಿಗೆ ಓದಲು ಸರ್ಕಾರದ ದುಡ್ಡು ಸಿಕ್ಕಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ ‘ಕಮ್ಯುನಿಟಿ ಕಾಲೇಜು’ ಅನ್ನೋ ಹೆಸರನ್ನು ಮನೆಮಾತು ಮಾಡಿತು. 1960ರ ದಶಕದಲ್ಲಂತೂ ಸರಾಸರಿ ವಾರಕ್ಕೊಂದು ಹೊಸ ಕಾಲೇಜು ಅಂತ ಲೆಕ್ಕ ಹೇಳ್ತಾರೆ. ನಮ್ಮ ಕನ್ನಡದವರು ಜಾಸ್ತಿ ಇರೋ ಕ್ಯುಪರ್ಟಿನೋದ ಡಿ ಆಂಜಾ ಕಾಲೇಜು ಬಾಗಿಲು ತೆರೆದದ್ದು 1967ರಲ್ಲಿ.

ಇಷ್ಟು ಕಾಲೇಜುಗಳು, ಇಷ್ಟು ಹೊಸ ಲೈಬ್ರರಿಗಳು. ಅಳತೆ ಏನು? ಜಗಳ ಶುರುವಾದದ್ದು ಅಲ್ಲಿ.

ಮಾನಸಗಂಗೋತ್ರಿ ವಿದ್ಯಾರ್ಥಿ

ಅಕ್ಕ, ನಾವು ಎಂಲಿಬ್‌ನಲ್ಲಿ (ಲೈಬ್ರರಿ ಸೈನ್ಸ್ ಮಾಸ್ಟರ್ಸ್‌ನಲ್ಲಿ) 1933ರ ಇಂಡಿಯನ್ ಲೈಬ್ರರಿ ಅಸೋಸಿಯೇಷನ್, ಅದಕ್ಕೂ ಮೊದಲಿನ 1928ರ ಮದ್ರಾಸ್ ಲೈಬ್ರರಿ ಅಸೋಸಿಯೇಷನ್ ಬಗ್ಗೆ ಓದಿದ್ದೇವೆ. ನಮ್ಮ ದೇಶದ ಲೈಬ್ರರಿ ಸೈನ್ಸ್ ಪಿತಾಮಹ ರಂಗನಾಥನ್ ಅವರ ಬಗ್ಗೆಯಂತೂ ಬೇಕಾದಷ್ಟು. ಇವರ ಬಗ್ಗೆ ಒಂದು ಸಾಲೂ ಓದಿಲ್ಲ. ಜಗಳ ಏನು ಅಂತ ಬೇಗ ಹೇಳಿ.

ಬೇ ಏರಿಯಾ ಓದುಗಿ

ಹೇಳ್ತೀನಿ. 1960ರಲ್ಲಿ ಎಸಿಆರ್‌ಎಲ್ ಜೂನಿಯರ್ ಕಾಲೇಜು ಲೈಬ್ರರಿಗಳಿಗೆ ಒಂದು ಮಾನದಂಡ ಹೊರಡಿಸಿತು. ಅದರಲ್ಲಿ ಒಂದು ಸಂಖ್ಯೆ ಇತ್ತು. 1,000 ವಿದ್ಯಾರ್ಥಿಗಳವರೆಗಿನ ಕಾಲೇಜಿಗೆ ಕನಿಷ್ಠ 20,000 ಪುಸ್ತಕ ಇರಲೇಬೇಕು ಅಂತ.

ಎಷ್ಟೋ ಕಾಲೇಜುಗಳ ಹತ್ತಿರ ಅದರ ಅರ್ಧವೂ ಇರಲಿಲ್ಲ. ಪ್ರಿನ್ಸಿಪಾಲರು ಸಿಟ್ಟಾದರು. ವಿಶ್ವವಿದ್ಯಾಲಯದ ಗಜಕಡ್ಡಿ ತಂದು ನಮ್ಮನ್ನು ಅಳೀತೀರಾ ಅಂತ. ಇತ್ತ ವೆಲ್ಡಿಂಗ್, ನರ್ಸಿಂಗ್, ಆಟೋ ಮೆಕ್ಯಾನಿಕ್ ಕಲಿಸೋ ಕಾಲೇಜುಗಳು ಬಂದಿದ್ದವು. ಅವರಿಗೆ ಪುಸ್ತಕದಷ್ಟೇ ಫಿಲ್ಮ್, ಸ್ಲೈಡು, ಟೇಪು ಬೇಕಿತ್ತು. ಅದನ್ನು ಯಾವ ಲೆಕ್ಕಕ್ಕೆ ಹಾಕೋದು?

ಹೀಗೆ ಯೋಚಿಸಿದವರು ಮೊದಲೂ ಇದ್ದರು. ಬಿ. ಲಾಮರ್ ಜಾನ್ಸನ್ ಅಂತ. ಮಿಸೌರಿಯ ಸ್ಟೀಫನ್ಸ್ ಕಾಲೇಜು ಆಗ ಹೆಣ್ಣುಮಕ್ಕಳ ಜೂನಿಯರ್ ಕಾಲೇಜು. 1930ರ ದಶಕದಲ್ಲಿ ಅಲ್ಲಿ ಅವರಿಗೆ ಎರಡು ಹುದ್ದೆ: ಪಾಠಗಳ ಡೀನ್ ಕೂಡ ಅವರೇ, ಲೈಬ್ರರಿಯನ್ ಕೂಡ ಅವರೇ. ಲೈಬ್ರರಿಯನ್ನು ಪಾಠದ ನಡುವೆ ತಂದು ನಿಲ್ಲಿಸಿದರು. ಲೈಬ್ರರಿಯನ್ ತರಗತಿಗೆ ಹೋಗಬೇಕು, ಮೇಷ್ಟ್ರು ಲೈಬ್ರರಿಗೆ ಬರಬೇಕು. ಈ ಬೀಜವೇ 1960ರ ದಶಕದಲ್ಲಿ ಮೊಳಕೆಯೊಡೆಯಿತು. ಎಷ್ಟೋ ಕಾಲೇಜುಗಳು ‘ಲೈಬ್ರರಿ’ ಅನ್ನೋ ಬೋರ್ಡು ತೆಗೆದು ‘ಲರ್ನಿಂಗ್ ರಿಸೋರ್ಸ್ ಸೆಂಟರ್’ ಅಂತ ಹಾಕಿದವು.

ಹಾಗಾಗಿ 1972ರಲ್ಲಿ ಹೊಸ ಮಾರ್ಗಸೂಚಿ ಬಂತು. ಈ ಸಲ ಎಸಿಆರ್‌ಎಲ್ ಒಂದೇ ಬರೆಯಲಿಲ್ಲ. ಜೂನಿಯರ್ ಕಾಲೇಜುಗಳ ಸಂಘ, ಶೈಕ್ಷಣಿಕ ತಂತ್ರಜ್ಞಾನದವರ ಸಂಘ, ಮೂವರೂ ಸೇರಿ ಬರೆದರು. ಕಾಲೇಜು ನಡೆಸುವವರೇ ಸಹಿ ಹಾಕಿದ್ದರಿಂದ ಅವರೇ ಅದನ್ನು ತಳ್ಳಿಹಾಕೋ ಹಾಗಿರಲಿಲ್ಲ. ಅದರಲ್ಲಿ ಸಂಖ್ಯೆಗಳನ್ನು ಕೈಬಿಟ್ಟರು.

ನನ್ನ ಅಭಿಪ್ರಾಯ ಕೇಳಿದರೆ, ಅದು ದೊಡ್ಡ ಹೆಜ್ಜೆ. ಪುಸ್ತಕ ಎಣಿಸುವುದರಿಂದ ಮಕ್ಕಳು ಕಲಿತರೋ ಇಲ್ಲವೋ ಗೊತ್ತಾಗೋದಿಲ್ಲ.

ನಿವೃತ್ತ ಲೈಬ್ರರಿಯನ್, ಧಾರವಾಡ

ತಂಗೀ, ಇಲ್ಲೀತನಕ ಬಹಳ ಚಂದ ಬರೆದಿದ್ದೀರಿ. ಈ ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ನಾನು 31 ವರ್ಷ ಕಾಲೇಜು ಲೈಬ್ರರಿ ನಡೆಸಿದವನು. ಪ್ರಿನ್ಸಿಪಾಲರ ಎದುರು ಕೂತು ‘ಸರ್, ಮಕ್ಕಳ ಕಲಿಕೆಗೆ ಲೈಬ್ರರಿ ಮುಖ್ಯ’ ಅಂದರೆ ಅವರು ತಲೆ ಆಡಿಸ್ತಾರೆ. ದುಡ್ಡು ಮಾತ್ರ ಕಂಪೌಂಡ್ ಗೋಡೆಗೆ ಹೋಗುತ್ತೆ. ಅದೇ ‘ಸರ್, ನಿಯಮದ ಪ್ರಕಾರ ಇಷ್ಟು ಪುಸ್ತಕ ಇರಬೇಕು, ನಮ್ಮಲ್ಲಿ ಇಷ್ಟೇ ಇದೆ’ ಅಂತ ಒಂದು ಹಾಳೆ ಮುಂದಿಟ್ಟರೆ ಅವರು ಪೆನ್ನು ತೆಗೀತಾರೆ. ಒಂಟಿ ಲೈಬ್ರರಿಯನ್‌ಗೆ ಸಂಖ್ಯೆಯೇ ಬಲ. ದೊಡ್ಡ ಯುನಿವರ್ಸಿಟಿ ಲೈಬ್ರರಿಯನ್‌ಗೆ ಹೆಸರಿದೆ, ಕಮಿಟಿ ಇದೆ, ಕುಲಪತಿಗಳ ಫೋನ್ ಇದೆ. ನಮಗೆ ಏನಿತ್ತು?

ಆ 20,000 ದೊಡ್ಡದಾಯಿತು ಅಂದರೆ ಒಪ್ಪುತ್ತೇನೆ. ಅದಕ್ಕೆ ಸಂಖ್ಯೆ ಚಿಕ್ಕದು ಮಾಡಬೇಕಿತ್ತು. ಪೂರ್ತಿ ಕಿತ್ತುಹಾಕಿದ್ದು ತಪ್ಪು.

ಹಾಸನದ ಗ್ರಂಥಪಾಲಕ

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವರ್ಷ ಮಾತ್ರ ಲೈಬ್ರರಿಗೆ ಸುಣ್ಣ ಬಣ್ಣ. ಯಾಕೆ? ಅವರು ಲೆಕ್ಕ ಕೇಳ್ತಾರೆ. ಉಳಿದ ವರ್ಷ ಯಾರೂ ಕೇಳಲ್ಲ.

ಕಡಲತಡಿ

ನಾನು ಮಂಗಳೂರು ಕಡೆಯ ಖಾಸಗಿ ಕಾಲೇಜಲ್ಲಿ ಲೈಬ್ರರಿಯನ್. ನನಗೆ ಓದುಗಿ ಮೇಡಂ ಮಾತೇ ಸರಿ ಅನ್ನಿಸುತ್ತೆ. ಸಂಖ್ಯೆ ತುಂಬಿಸೋಕೆ ಅಂತ ಒಂದೇ ಗೈಡ್‌ನ ನಲವತ್ತು ಕಾಪಿ ಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಕ್ಸೆಷನ್ ನಂಬರ್ ಏರಿತು, ಅಷ್ಟೇ. ಆ ಕಟ್ಟುಗಳನ್ನು ಕೆಲವು ವರ್ಷ ಯಾರೂ ಬಿಚ್ಚಲೂ ಇಲ್ಲ. ಸಿಲಬಸ್ ಬದಲಾಯಿತು. ಈಗ ರದ್ದಿ ಮಾಡೋಕೂ ಅನುಮತಿ ಸಿಗಲ್ಲ. ರ‍್ಯಾಕ್‌ನಲ್ಲಿ ಜಾಗ ತಿಂತಾ ಇವೆ. ‘ಪುಸ್ತಕ ಇರುವುದು ಬಳಕೆಗೆ’ ಅನ್ನೋದು ರಂಗನಾಥನ್ ಅವರ ಮೊದಲ ಸೂತ್ರ. 1931ರಿಂದ ಹೇಳ್ತಾನೇ ಇದ್ದೇವೆ.

ಬೇ ಏರಿಯಾ ಓದುಗಿ

ಇಬ್ಬರ ಮಾತೂ ಓದಿ ಒಂದು ದಿನ ಸುಮ್ನೆ ಇದ್ದೆ. ಯಾಕೆಂದರೆ ಆ ಸಂಘದಲ್ಲೂ ಇದೇ ವಾದ ನಾಲ್ಕು ದಶಕ ನಡೆದಿದೆ. ಧಾರವಾಡದ ಸರ್, ನೀವು ಅಲ್ಲಿದ್ದಿದ್ದರೆ 1979ರಲ್ಲಿ ಗೆದ್ದಿರುತ್ತಿದ್ದಿರಿ!

ನಡೆದದ್ದು ಹೀಗೆ. 1972ರಲ್ಲಿ ಸಂಖ್ಯೆ ಬಿಟ್ಟರು. ಕೆಲವೇ ವರ್ಷಕ್ಕೆ ಸಣ್ಣ ಕಾಲೇಜುಗಳ ಲೈಬ್ರರಿಯನ್ನರು, ನಮಗೆ ಕೈಯಲ್ಲಿ ಹಿಡಿಯೋಕೆ ಏನಾದರೂ ಬೇಕು ಅಂದರು. 1979ರಲ್ಲಿ ಸಂಖ್ಯೆಗಳ ಒಂದು ಪ್ರತ್ಯೇಕ ಹೇಳಿಕೆ ಬಂತು. 1990ರಲ್ಲಿ ಮಾನದಂಡವನ್ನೇ ಹೊಸದಾಗಿ ಬರೆದರು. ಅದರಲ್ಲಿ ಕೋಷ್ಟಕಗಳಿದ್ದವು. ಕಾಲೇಜಿನ ಗಾತ್ರ ನೋಡಿ ‘ಕನಿಷ್ಠ’ ಎಷ್ಟು, ‘ಉತ್ತಮ’ ಎಷ್ಟು ಅಂತ ಎರಡು ಕಾಲಂ. ಸಿಬ್ಬಂದಿಗೆ, ಪುಸ್ತಕಕ್ಕೆ ಎಲ್ಲಕ್ಕೂ. 1960ರಲ್ಲಿ ಒಂದೇ ಗೋಡೆ ಎದುರಿಗಿತ್ತು. ಈಗ ಹತ್ತೋಕೆ ಮೆಟ್ಟಿಲು ಸಿಕ್ಕಿತು.

ನಾನು ಕಲಿತ ಮೇಡಂ ಒಬ್ಬರು ಆ ಕಾಲದಲ್ಲಿ ಕೆಲಸ ಮಾಡಿದವರು. ಬಜೆಟ್ ಸಭೆಗೆ ಆ ಕೋಷ್ಟಕದ ಜೆರಾಕ್ಸ್ ತೊಗೊಂಡು ಹೋಗ್ತಿದ್ದರಂತೆ. ತಮ್ಮ ಕಾಲೇಜಿನ ಸಾಲಿಗೆ ಹಳದಿ ಬಣ್ಣ ಹಚ್ಚಿ. ‘ಕನಿಷ್ಠದ ಕೆಳಗಿದ್ದೀವಿ’ ಅನ್ನೋ ಒಂದೇ ಮಾತು ಸಾಕಾಗ್ತಿತ್ತಂತೆ. ಅದಕ್ಕೇ ಸರ್, ನನ್ನ ಮೊದಲಿನ ಮಾತನ್ನು ಸ್ವಲ್ಪ ಹಿಂದೆ ತೊಗೋತೀನಿ. ಒಂಟಿ ಲೈಬ್ರರಿಯನ್‌ಗೆ ಹಾಳೆ ಬೇಕು. ಅದನ್ನು ಬರೆಯೋಕೆ ಸಂಘ ಬೇಕು. ತಾನೇ ಬರೆದ ಹಾಳೆಯನ್ನು ತಾನೇ ತೋರಿಸಿದರೆ ಯಾರು ನಂಬ್ತಾರೆ?

2004ರಲ್ಲಿ ಮತ್ತೆ ಎಲ್ಲಾ ತಿರುಗಿತು. ವಿಶ್ವವಿದ್ಯಾಲಯ, ನಾಲ್ಕು ವರ್ಷದ ಕಾಲೇಜು, ಎರಡು ವರ್ಷದ ಕಾಲೇಜು ಎಲ್ಲಕ್ಕೂ ಸೇರಿ ಎಸಿಆರ್‌ಎಲ್ ಒಂದೇ ಮಾನದಂಡ ಮಾಡಿತು. ಕೋಷ್ಟಕ ಹೋಯಿತು. ನಿಮ್ಮಂಥ ಕಾಲೇಜುಗಳನ್ನು ನೀವೇ ಆರಿಸಿಕೊಳ್ಳಿ, ಅವರ ಜೊತೆ ನಿಮ್ಮ ಲೆಕ್ಕ ಹೋಲಿಸಿ ನೋಡಿ ಅಂತ ಹೇಳಿತು. ಒಬ್ಬ ವಿದ್ಯಾರ್ಥಿಗೆ ಎಷ್ಟು ಪುಸ್ತಕ, ಎಷ್ಟು ಸಿಬ್ಬಂದಿ, ಹೀಗೆ. ಈ ‘ನೆರೆಹೊರೆ ಹೋಲಿಕೆ’ ನನಗೆ ಹಿಡಿಸಿದೆ. ಆದರೆ ಎರಡು ವರ್ಷದ ಕಾಲೇಜುಗಳಿಗೆ ಅಂತಲೇ ಇದ್ದ ಹಾಳೆ ಇಲ್ಲವಾಯಿತು ಅನ್ನೋ ಬೇಸರವೂ ಇದೆ.

ಮಾನಸಗಂಗೋತ್ರಿ ವಿದ್ಯಾರ್ಥಿ

ಅಕ್ಕ, ಒಂದು ಪ್ರಶ್ನೆ. ಈ ಸಂಘದಲ್ಲಿ ಎಲ್ಲರಿಗೂ ಜಾಗ ಇತ್ತಾ? ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ ಇದ್ದ ಕಾಲ ಅಲ್ವಾ ಅದು?

ಬೇ ಏರಿಯಾ ಓದುಗಿ

ಕೇಳಿದ್ದು ಒಳ್ಳೇದಾಯ್ತು. ಹೊಗಳಿಕೆಯೇ ಆಗಿಬಿಟ್ಟರೆ ಕಥೆ ಅರ್ಧ ಆಗುತ್ತೆ.

ಇರಲಿಲ್ಲ. 1936ರಲ್ಲಿ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಸಮ್ಮೇಳನ ಆಯಿತು. ಅಲ್ಲಿಗೆ ಬಂದ ಕಪ್ಪು ಲೈಬ್ರರಿಯನ್ನರಿಗೆ ಸಮ್ಮೇಳನದ ಹೋಟೆಲಲ್ಲಿ ರೂಮಿಲ್ಲ. ಸಭೆಯಲ್ಲಿ ಬೇರೆ ಸಾಲು. ಊಟದ ಜೊತೆ ನಡೆಯುವ ಸಭೆಗಳಿಗೆ ಪ್ರವೇಶವೇ ಇಲ್ಲ. ದೇಶದ ಗ್ರಂಥಪಾಲಕರ ಸಭೆ ಅದು! ದೊಡ್ಡ ಗಲಾಟೆಯಾಗಿ, ಮುಂದೆ ಹೀಗೆ ಬೇರೆ ಕೂರಿಸುವ ಊರಲ್ಲಿ ಸಮ್ಮೇಳನ ಮಾಡಬಾರದು ಅಂತ ನಿರ್ಧಾರ ಆಯಿತು. ಆದರೆ ದಕ್ಷಿಣದ ಕೆಲವು ರಾಜ್ಯಗಳ ಲೈಬ್ರರಿ ಸಂಘಗಳು ಆಮೇಲೂ ಬಹಳ ವರ್ಷ ಕಪ್ಪು ಜನರನ್ನು ಸದಸ್ಯರಾಗಿ ಸೇರಿಸಲಿಲ್ಲ.

ಇ. ಜೆ. ಜೋಸಿ ಅಂತ ಒಬ್ಬರು ಇದ್ದರು. ಜಾರ್ಜಿಯಾದ ಸವಾನಾ ಸ್ಟೇಟ್ ಕಾಲೇಜಿನ ಲೈಬ್ರರಿಯನ್. ಕಪ್ಪು ಮನುಷ್ಯ. ತಮ್ಮ ರಾಜ್ಯದ ಸಂಘದಲ್ಲೇ ಅವರಿಗೆ ಸದಸ್ಯತ್ವ ಇಲ್ಲ. 1964ರ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಮಿಸ್ಸಿಸ್ಸಿಪ್ಪಿ ಸಂಘಕ್ಕೆ ಗ್ರಂಥಾಲಯ ಸಪ್ತಾಹದ ಕೆಲಸಕ್ಕಾಗಿ ಮೆಚ್ಚುಗೆ ಕೊಟ್ಟರು. ಅದನ್ನು ಕೇಳಿ ಜೋಸಿ ಎದ್ದು ನಿಂತರು. ಬೇಧ ಮಾಡುವ ರಾಜ್ಯ ಸಂಘಗಳ ಕೆಲಸದಲ್ಲಿ ನಮ್ಮ ಅಧಿಕಾರಿಗಳು, ಸಿಬ್ಬಂದಿ ಭಾಗವಹಿಸಬಾರದು ಅಂತ ನಿರ್ಣಯ ತಂದರು. ಪಾಸಾಯಿತು. ಮರುವರ್ಷ ಜಾರ್ಜಿಯಾ ಸಂಘದ ಮೊದಲ ಕಪ್ಪು ಸದಸ್ಯ ಅವರೇ ಆದರು. 1970ರಲ್ಲಿ ಕಪ್ಪು ಲೈಬ್ರರಿಯನ್ನರ ಕಾಕಸ್ ಅನ್ನೋ ಬಳಗ ಕಟ್ಟಿದರು. 1984ರಲ್ಲಿ ಇಡೀ ಅಸೋಸಿಯೇಷನ್‌ಗೇ ಅಧ್ಯಕ್ಷರಾದರು.

ನಮ್ಮ ಎರಡು ವರ್ಷದ ಕಾಲೇಜುಗಳಲ್ಲೂ ಈ ಗಾಯ ಇದೆ. ಫ್ಲಾರಿಡಾದಲ್ಲಿ 1949ರಿಂದ ಕಪ್ಪು ವಿದ್ಯಾರ್ಥಿಗಳಿಗೆ ಅಂತ 12 ಜೂನಿಯರ್ ಕಾಲೇಜುಗಳು ಹುಟ್ಟಿದವು. ಮೊದಲನೆಯದು ಪೆನ್ಸಕೋಲಾದ ಬುಕರ್ ಟಿ. ವಾಷಿಂಗ್ಟನ್ ಜೂನಿಯರ್ ಕಾಲೇಜು. 1964ರ ನಾಗರಿಕ ಹಕ್ಕು ಕಾನೂನು ಬಂದ ಮೇಲೆ ಅವುಗಳನ್ನು ಒಂದೊಂದಾಗಿ ಮುಚ್ಚಿ ಬಿಳಿಯರ ಕಾಲೇಜುಗಳ ಜೊತೆ ಸೇರಿಸಿದರು. ಬೇಧ ಹೋಗಬೇಕಿತ್ತು, ನಿಜ. ಆದರೆ ಎಷ್ಟೋ ಜನ ಕಪ್ಪು ಮೇಷ್ಟ್ರುಗಳು, ಪ್ರಿನ್ಸಿಪಾಲರು ಹುದ್ದೆ ಕಳಕೊಂಡರು. ಆ ಲೈಬ್ರರಿಗಳನ್ನು ಕಟ್ಟಿದ ಕೈಗಳನ್ನು ನೆನೆದರೆ ನನಗೆ ಸಂಕಟ ಆಗುತ್ತೆ.

ಕಡಲತಡಿ

ಇದನ್ನು ಓದಿ ಬಹಳ ಹೊತ್ತು ಏನೂ ಬರೆಯೋಕಾಗಲಿಲ್ಲ. ಊಟದ ಸಭೆಗೆ ಬರಬೇಡ ಅನ್ನೋದು ನಮಗೂ ಗೊತ್ತಿರುವ ಸಂಗತಿ. ಬೇರೆ ದೇಶದ ಕಥೆ ಅಂತ ಅನ್ನಿಸಲಿಲ್ಲ.

ಫ್ರೀಮಾಂಟ್ ಅಪ್ಪ

ನಾನು ಲೈಬ್ರರಿ ಕೆಲಸದವನಲ್ಲ. ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಮಗ ಹೇಳ್ತಿದ್ದ, ಅಲ್ಲಿ ಪಠ್ಯಪುಸ್ತಕ ಎರಡು ಗಂಟೆಗೆ ಮಾತ್ರ ಕೊಡ್ತಾರೆ, ಅಲ್ಲೇ ಕೂತು ಓದಬೇಕು ಅಂತ. ಅದೂ ಈ ಸಂಘದವರು ಮಾಡಿದ್ದಾ?

ಬೇ ಏರಿಯಾ ಓದುಗಿ

ಅಣ್ಣಾ, ಅದಕ್ಕೆ ‘ರಿಸರ್ವ್’ ಅಂತಾರೆ. ಯಾವುದೋ ಒಂದು ಸಂಘ ಕಂಡುಹಿಡಿದದ್ದಲ್ಲ, ಹಳೇ ಪದ್ಧತಿ. ಆದರೆ ನಮ್ಮ ಕಾಲೇಜುಗಳಲ್ಲಿ ಅದು ಉಸಿರು. ಒಂದು ಕೆಮಿಸ್ಟ್ರಿ ಪುಸ್ತಕಕ್ಕೆ ಕೆಲವು ಸಲ ಆ ಕೋರ್ಸಿನ ಫೀಸಿಗಿಂತ ಜಾಸ್ತಿ ಬೆಲೆ. ಸೆಮಿಸ್ಟರ್‌ನ ಮೊದಲ ವಾರ ನಮ್ಮ ಕೌಂಟರ್ ಮುಂದೆ ಸಾಲು ಇರುತ್ತೆ. ರಾತ್ರಿ ಪಾಳಿ ಮುಗಿಸಿ ಸೀದಾ ಬಂದವರು, ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಬಂದವರು. ಎರಡು ಗಂಟೆಯಲ್ಲಿ ಒಂದು ಅಧ್ಯಾಯದ ಲೆಕ್ಕಗಳನ್ನು ಫೋನಲ್ಲಿ ಫೋಟೋ ತೆಗೆದುಕೊಂಡು ಹೋಗ್ತಾರೆ.

ಇದಕ್ಕೆ ಪರಿಹಾರ ಹುಡುಕಿದ್ದೂ ಕಮ್ಯುನಿಟಿ ಕಾಲೇಜಿನವರೇ. 2007ರಲ್ಲಿ ಫುಟ್‌ಹಿಲ್–ಡಿ ಆಂಜಾ ಕಾಲೇಜು ಜಿಲ್ಲೆ (ಆ ಎರಡು ಕಾಲೇಜುಗಳನ್ನು ನಡೆಸುವ ಆಡಳಿತ) ಮುಂದೆ ನಿಂತು ಒಂದು ಒಕ್ಕೂಟ ಕಟ್ಟಿತು. ಆಗ ಅದರ ಚಾನ್ಸಲರ್ ಆಗಿದ್ದವರು ಮಾರ್ಥಾ ಕ್ಯಾಂಟರ್. ಯಾರು ಬೇಕಾದರೂ ಬಿಟ್ಟಿ ಓದಬಹುದಾದ, ತಿದ್ದಿಕೊಳ್ಳಬಹುದಾದ ಪಠ್ಯಪುಸ್ತಕಗಳಿಗಾಗಿ ಆ ಒಕ್ಕೂಟ. ಯಾವ ಪುಸ್ತಕ ಚೆನ್ನಾಗಿದೆ ಅಂತ ಹುಡುಕಿ ಮೇಷ್ಟ್ರ ಮುಂದಿಡುವ ಕೆಲಸ ಬಹಳ ಕಡೆ ಲೈಬ್ರರಿಯನ್ನರ ಹೆಗಲಿಗೆ ಬಂತು. 1937ರ ಮೊಹರ್‌ಹಾರ್ಟ್ ಪಟ್ಟಿ ನೆನಪಿದೆಯಾ? ನನಗೆ ಇದು ಅದರದ್ದೇ ಮುಂದುವರಿಕೆ. 2021ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಪಠ್ಯಪುಸ್ತಕದ ಖರ್ಚೇ ಇಲ್ಲದ ಕೋರ್ಸುಗಳಿಗಾಗಿ 115 ಮಿಲಿಯನ್ ಡಾಲರ್ ತೆಗೆದಿಟ್ಟಿತು.

ಹಾಸನದ ಗ್ರಂಥಪಾಲಕ

ನಮ್ಮಲ್ಲಿ ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಬುಕ್ ಬ್ಯಾಂಕ್ ಇದೆಯಲ್ಲ, ಅದರ ತಂಗಿ ಇದ್ದ ಹಾಗೆ. ನಮ್ಮ ಮಕ್ಕಳು ಸೆಮಿಸ್ಟರ್ ಪೂರ್ತಿ ಮನೆಗೆ ಒಯ್ಯಬಹುದು. ಆ ವಿಷಯದಲ್ಲಿ ನಾವೇ ಮುಂದೆ!

ಮೇಡಂ, ಅಲ್ಲಿ ಲೈಬ್ರರಿಯನ್ನರನ್ನು ಮೇಷ್ಟ್ರ ಸಮ ಅಂತ ನೋಡ್ತಾರಾ?

ಬೇ ಏರಿಯಾ ಓದುಗಿ

ಕ್ಯಾಲಿಫೋರ್ನಿಯಾದಲ್ಲಿ ಹೌದು. ಇಲ್ಲಿ ಕಮ್ಯುನಿಟಿ ಕಾಲೇಜಿನ ಲೈಬ್ರರಿಯನ್ ಅಂದರೆ ಬೋಧಕ ವರ್ಗಕ್ಕೆ ಸೇರಿದವರು. 1988ರಲ್ಲಿ ಎಬಿ 1725 ಅಂತ ಒಂದು ಕಾನೂನು ಬಂದು ಕಮ್ಯುನಿಟಿ ಕಾಲೇಜುಗಳ ನೇಮಕದ ಪದ್ಧತಿಯನ್ನೇ ಬದಲಿಸಿತು. ಲೈಬ್ರರಿಯನ್ ಆಗಲು ಲೈಬ್ರರಿ ಸೈನ್ಸ್ ಮಾಸ್ಟರ್ಸ್ ಬೇಕು. ಕಾಲೇಜಿನ ಸೆನೆಟ್‌ನಲ್ಲಿ ನಮಗೂ ಮಾತಿದೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಹೀಗಿಲ್ಲ. ಅಲ್ಲಿನವರು ಇವತ್ತಿಗೂ ಕೇಳ್ತಾ ಇದ್ದಾರೆ. ಆದರೆ ನಾವು ಪಾರ್ಟ್‌ಟೈಮ್‌ನವರಿಗೆ ಗೌರವ ಪೂರ್ತಿ, ಸಂಬಳ ಅರ್ಧ. ಒಂದು ಕಾಲೇಜಲ್ಲಿ ಮೂರು ವರ್ಷ ದುಡಿದ ಮೇಲೆ ಬಜೆಟ್ ಇಲ್ಲ ಅಂತ ಒಂದು ಸೆಮಿಸ್ಟರ್ ಪೂರ್ತಿ ಕರೆಯಲೇ ಇಲ್ಲ. ಆ ಆರು ತಿಂಗಳು ಕಷ್ಟ ಆಯಿತು.

ನಿವೃತ್ತ ಲೈಬ್ರರಿಯನ್, ಧಾರವಾಡ

ನಮ್ಮಲ್ಲಿ ಯುಜಿಸಿ ನಿಯಮದಲ್ಲಿ ಕಾಲೇಜು ಲೈಬ್ರರಿಯನ್ ಹುದ್ದೆಗೆ ಸಹಾಯಕ ಪ್ರಾಧ್ಯಾಪಕರ ಸ್ಕೇಲೇ ಇದೆ. ಅದು ತಾನಾಗಿ ಬಂದದ್ದಲ್ಲ. ನಮ್ಮ ಹಿಂದಿನವರು ಮನವಿ ಪತ್ರ ಹಿಡಿದು ಓಡಾಡಿದ್ದು ನನಗೆ ಗೊತ್ತು. ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋಗಿ, ಮಧ್ಯಾಹ್ನದವರೆಗೆ ಸಾಹೇಬರ ರೂಮಿನ ಹೊರಗೆ ನಿಂತು, ಮತ್ತೆ ರಾತ್ರಿ ಬಸ್ಸಲ್ಲಿ ವಾಪಸ್. ಬೆಳಿಗ್ಗೆ ಲೈಬ್ರರಿ ಬಾಗಿಲು ತೆಗೀಬೇಕಲ್ಲ! ಸಂಘದ ಚಂದಾ ಕೊಡಲು ಹಿಂದೆಮುಂದೆ ನೋಡುವ ಹುಡುಗರಿಗೆ ನಾನು ಇದನ್ನೇ ಹೇಳೋದು.

ತಂಗೀ, ನೀವು ಹೇಳಿದ ಆ ‘ನೆರೆಹೊರೆ ಹೋಲಿಕೆ’ ತಲೆಯಲ್ಲೇ ಕೂತಿದೆ. ಸರ್ಕಾರ ಸಂಖ್ಯೆ ಕೊಡದಿದ್ದರೆ ನಾವೇ ನಮ್ಮ ಸಂಖ್ಯೆ ಮಾಡಿಕೊಳ್ಳಬಹುದು ಅಲ್ವಾ? ಒಂದೇ ಗಾತ್ರದ ಆರು ಕಾಲೇಜು. ವಿದ್ಯಾರ್ಥಿ ಎಷ್ಟು, ಸಿಬ್ಬಂದಿ ಎಷ್ಟು, ಕಳೆದ ವರ್ಷ ಕೊಂಡ ಪುಸ್ತಕ ಎಷ್ಟು, ಎನ್-ಲಿಸ್ಟ್ (ಆನ್‌ಲೈನ್ ಪುಸ್ತಕ, ಪತ್ರಿಕೆಗಳ ಸೌಲಭ್ಯ) ಬಳಸಿದ ಮಕ್ಕಳು ಎಷ್ಟು. ಒಂದೇ ಹಾಳೆ.

ಬೇ ಏರಿಯಾ ಓದುಗಿ

ಸರ್, ಇದು ಬಹಳ ಒಳ್ಳೆ ಯೋಚನೆ. ಇಲ್ಲಿ ಹಾಗೇ ಮಾಡ್ತಾರೆ. ಒಂದು ಎಚ್ಚರಿಕೆ ಮಾತ್ರ. ಪುಸ್ತಕದ ಲೆಕ್ಕದ ಪಕ್ಕ ಬಳಕೆಯ ಲೆಕ್ಕವನ್ನೂ ಹಾಕಿ. ಇಶ್ಯೂ ಆದದ್ದು ಎಷ್ಟು, ಒಳಗೆ ಕೂತು ಓದಿದವರು ಎಷ್ಟು. ಇಲ್ಲದಿದ್ದರೆ ಕಡಲತಡಿಯವರು ಹೇಳಿದ ಆ ಗೈಡಿನ ನಲವತ್ತು ಕಾಪಿಯೂ ‘ಸಾಧನೆ’ ಆಗಿಬಿಡುತ್ತೆ.

ಕಡಲತಡಿ

ನನ್ನ ಕಾಲೇಜಿನ ಲೆಕ್ಕ ನಾನು ಕೊಡ್ತೇನೆ. ಗೈಡುಗಳನ್ನು ಬೇರೆ ಕಾಲಂನಲ್ಲಿ ಹಾಕ್ತೇನೆ.

ಹಾಸನದ ಗ್ರಂಥಪಾಲಕ

ಹದಿನೈದು ದಿನ ಆದ ಮೇಲೆ ಬರೀತಾ ಇದ್ದೇನೆ. ನಮ್ಮದೂ ಸೇರಿ ಐದು ಕಾಲೇಜುಗಳ ಲೆಕ್ಕ ಸಿಕ್ಕಿದೆ. ಇಬ್ಬರು ಫೋನಲ್ಲಿ ಹೇಳಿದರು, ಇನ್ನಿಬ್ಬರು ವಾಟ್ಸಾಪಲ್ಲಿ ರಿಜಿಸ್ಟರ್ ಫೋಟೋ ಕಳಿಸಿದರು. ಒಂದು ಹಾಳೆಗೆ ಇಳಿಸಿದ್ದೇನೆ. ವಿದ್ಯಾರ್ಥಿಗಳ ಲೆಕ್ಕದಲ್ಲಿ ನಾವು ಎರಡನೆಯವರು. ಸಿಬ್ಬಂದಿ ಲೆಕ್ಕದಲ್ಲಿ ಕೊನೆಯವರು. ಇಶ್ಯೂ ಆದ ಪುಸ್ತಕದ ಲೆಕ್ಕದಲ್ಲಿ ಮೊದಲನೆಯವರು! ಇದು ನನಗೇ ಗೊತ್ತಿರಲಿಲ್ಲ.

ನಿನ್ನೆ ಪ್ರಿನ್ಸಿಪಾಲರಿಗೆ ತೋರಿಸಿದೆ. ನಮ್ಮ ಸಾಲಿಗೆ ಹಳದಿ ಬಣ್ಣ ಹಚ್ಚಿದ್ದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮುಂದಿನ ತಿಂಗಳ ಕಾಲೇಜು ಅಭಿವೃದ್ಧಿ ಸಮಿತಿ ಸಭೆಗೆ ಹತ್ತು ಜೆರಾಕ್ಸ್ ತೊಗೊಂಡು ಬನ್ನಿ ಅಂದರು. ಒಬ್ಬ ಸಹಾಯಕನ ವಿಷಯ ಅಲ್ಲಿ ಎತ್ತೋಣ ಅಂತಲೂ ಹೇಳಿದರು.

ಆರನೇ ಕಾಲೇಜು ಇನ್ನೂ ಬೇಕು. ಚಿಕ್ಕಮಗಳೂರು, ತುಮಕೂರು ಕಡೆಯವರು ಯಾರಾದರೂ ಇದ್ದೀರಾ?

ಮಾನಸಗಂಗೋತ್ರಿ ವಿದ್ಯಾರ್ಥಿ

ಸರ್, ನಾನು ತಿಪಟೂರು ಕಡೆಯವನು. ನಾನು ಓದಿದ ಡಿಗ್ರಿ ಕಾಲೇಜಿನ ಲೈಬ್ರರಿಯನ್ ಮೇಡಂ ಇನ್ನೂ ಅಲ್ಲೇ ಇದ್ದಾರೆ. ಅವರೂ ಒಬ್ಬರೇ. ಶನಿವಾರ ಊರಿಗೆ ಹೋಗ್ತಿದ್ದೇನೆ. ನಿಮ್ಮ ಹಾಳೆ ಕಳಿಸಿ, ಅವರ ಜೊತೆ ಕೂತು ತುಂಬಿಸಿಕೊಂಡು ಬರ್ತೀನಿ.